ತಟ್ಟೆ ಹಿಂದಕ್ಕೆ ತಿರುಗಿದ ತಿಂಗಳು

ಬೀದಿಯ ಯಾವ ಮನೆಯ ಮೀಟರ್ ಯಾವ ಮೂಲೆಯಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲವರು ರೀಡಿಂಗ್ ಮಾವ ಒಬ್ಬರೇ. ಮೂವತ್ತೊಂದು ವರ್ಷ ಮನೆಮನೆಗೆ ಹೋಗಿ ಕರೆಂಟಿನ ರೀಡಿಂಗ್ ಬರೆದವರು. ಮೆಟ್ಟಿಲ ಕೆಳಗೆ ಬಗ್ಗಿ, ಹಳೇ ಸೈಕಲ್ಲು ಸರಿಸಿ, ಜೇಡರ ಬಲೆ ಒರೆಸಿ ಅಂಕಿ ಓದಿದವರು. ನಿವೃತ್ತರಾಗಿ ಎರಡು ವರ್ಷವಾದರೂ ಚೀಲ ಹೊತ್ತ ಎಡ ಭುಜ ಇನ್ನೂ ಸ್ವಲ್ಪ ಕೆಳಗೇ ಇದೆ.

ಅವರ ಹೆಮ್ಮೆ ಎರಡು. ಒಂದೂ ತಪ್ಪು ರೀಡಿಂಗ್ ಬರೆದವರಲ್ಲ. ರೀಡಿಂಗ್ ಬರೆಯುವ ಮುಂಚೆ ಯಾರ ಮನೆಯಲ್ಲೂ ಒಂದು ಲೋಟ ನೀರು ಕುಡಿದವರಲ್ಲ. "ನೀರು ಕುಡಿದರೆ ಕೂರಬೇಕು, ಕೂತರೆ ಮಾತಾಡಬೇಕು, ಮಾತಾಡಿದರೆ ಅಂಕಿ ಮೆತ್ತಗಾಗುತ್ತೆ" ಎಂದು ಕೆಲಸ ಕಲಿಯಲು ಬಂದವರಿಗೆಲ್ಲ ಹೇಳುತ್ತಿದ್ದರು.

ಬೇಸರ ಒಂದೇ. ಅವರು ಗೇಟು ತೆರೆದರೆ ಸಾಕು, ಜನರ ಮುಖ ಸಣ್ಣದಾಗುತ್ತಿತ್ತು. ಇಷ್ಟು ವರ್ಷದಲ್ಲಿ ಹೋದ ತಿಂಗಳಿಗಿಂತ ದೊಡ್ಡ ಅಂಕಿಯನ್ನಲ್ಲದೆ ಬೇರೇನನ್ನೂ ಅವರು ಯಾವ ಮನೆಗೂ ತಂದುಕೊಟ್ಟಿರಲಿಲ್ಲ.

ಮಾಳಿಗೆಯ ಮೇಲೆ ಸೋಲಾರ್ ಹಾಕಿಸೋಣ ಎಂದಾಗ ಮನೆಯಲ್ಲಿ ಎರಡು ಪಕ್ಷವಾಯಿತು. ಮಾವನಿಗೆ ಕರೆಂಟು ಕೊಡುವ ಪ್ಯಾನಲ್ ಬೇಕು. ಮನೆಯಲ್ಲೇ ಸ್ಕೂಲು ಮಕ್ಕಳ ಬಟ್ಟೆ ಹೊಲಿಯುವ ಅವರ ಹೆಂಡತಿಗೆ ನೀರು ಕಾಯಿಸುವ ಟ್ಯಾಂಕು ಬೇಕು.

"ನಿನ್ನ ಟ್ಯಾಂಕು ಬಚ್ಚಲು ಬಿಟ್ಟು ಎಲ್ಲಿಗೆ ಬರುತ್ತೆ?" ಎಂದರು ಮಾವ.

"ನಿಮ್ಮ ಹಲಗೆ ಮಾಳಿಗೆ ಬಿಟ್ಟು ಎಲ್ಲಿಗೆ ಬರುತ್ತೆ?" ಎಂದರು ಅವರು.

ಕೊನೆಗೆ ಎರಡೂ ಬಂದವು. ಆಗಲೇ ಆ ತಿಂಗಳ ರೀಡಿಂಗ್ ಆಗಿ ಹತ್ತು ದಿನ ಕಳೆದಿತ್ತು. ಜೋಡಿಸಲು ಬಂದವನು, "ಈ ತಿಂಗಳು ಹಳೇ ಮೀಟರೇ ಇರಲಿ. ನಿಮಗೆ ಮಿಕ್ಕಿದ ಕರೆಂಟು ಲೈನಿಗೆ ಹೋಗುವಾಗ ತಟ್ಟೆ ಹಿಂದಕ್ಕೆ ತಿರುಗುತ್ತೆ. ಮುಂದಿನ ತಿಂಗಳು ಬರೋ ಹೊಸದರಲ್ಲಿ ತಟ್ಟೆಯೇ ಇರಲ್ಲ, ಬಂದದ್ದು ಹೋದದ್ದು ಬೇರೆಬೇರೆ ಲೆಕ್ಕ" ಎಂದು ಸ್ವಿಚ್ಚು ಹಾಕಿ ಹೋದ.

ಮೀಟರಿನ ಗಾಜಿನೊಳಗೆ ಬೆಳ್ಳಿಬಣ್ಣದ ತಟ್ಟೆ, ಅದರ ಅಂಚಿಗೊಂದು ಕೆಂಪು ಗೆರೆ. ಮಾವ ನೋಡುತ್ತಾ ನಿಂತರು. ತಟ್ಟೆ ನಿಧಾನವಾಯಿತು. ನಿಂತಿತು. ಯಾರೋ ಹೆಸರು ಹಿಡಿದು ಕರೆದ ಹಾಗೆ ಒಂದು ಗಳಿಗೆ ಹಾಗೇ ಇದ್ದು, ಬಂದ ದಾರಿಯಲ್ಲೇ ಹೊರಟಿತು.

"ಇವಳೇ, ಬೇಗ ಬಾ."

ಹೆಂಡತಿ ಕೊರಳಲ್ಲಿ ಟೇಪು ಹಾಕಿಕೊಂಡೇ ಓಡಿ ಬಂದರು. "ಏನ್ರೀ, ಎದೆ ನೋವಾ?"

"ಅಲ್ವೇ, ಹಿಂದಕ್ಕೆ ಹೋಗ್ತಿದೆ."

"ಅಯ್ಯೋ, ಅದು ಯಾವಾಗ್ಲೂ ತಿರುಗ್ತಾನೇ ಇರುತ್ತಲ್ಲ."

"ಯಾವ ಕಡೆಗೆ ನೋಡು."

ಅವರು ನೋಡಿದರು. ಮಾವ ನಗಲು ಶುರುಮಾಡಿ, ನಿಲ್ಲಲಾಗದೆ ಮೆಟ್ಟಿಲ ಮೇಲೆ ಕೂತರು. ಸಂಜೆಯೊಳಗೆ ಬೀದಿಗೆಲ್ಲ ಹೇಳಿಯೂ ಬಂದರು: ಈ ಸಲ ನಮ್ಮನೆ ರೀಡಿಂಗು ಹೋದ ತಿಂಗಳಿಗಿಂತ ಕಡಿಮೆ. ಹೊಸ ಮೀಟರ್ ಬಂದ ಮೇಲೆ ಆ ಅವಕಾಶವಿಲ್ಲ. ಇರುವುದು ಇದೊಂದೇ ತಿಂಗಳು.

ಹೋದ ತಿಂಗಳ ಅಂಕಿ 4172. ಪ್ಯಾನಲ್ ಬರುವಷ್ಟರಲ್ಲಿ ಮೀಟರು 4251ಕ್ಕೆ ಹತ್ತಿ ಕೂತಿತ್ತು. ಇಳಿಸಲು ಉಳಿದದ್ದು ಇಪ್ಪತ್ತು ದಿನ. ಮನೆಯಲ್ಲಿ ಕಾನೂನುಗಳು ಹುಟ್ಟಿದವು. ಏನು ಬೇಕೆಂದು ಮೊದಲೇ ಯೋಚಿಸಿ ಫ್ರಿಜ್ಜಿನ ಬಾಗಿಲು ತೆಗೆಯಬೇಕು. ಒಂದು ಕೋಣೆಯಲ್ಲಿ ದೀಪವಿದ್ದರೆ ಎಲ್ಲರೂ ಅಲ್ಲೇ ಇರಬೇಕು. ಬೆಳಗಾದರೆ ಮಾವ ಒದ್ದೆ ಬಟ್ಟೆ ಹಿಡಿದು ಮಾಳಿಗೆ ಹತ್ತಿ, ಮಗುವಿನ ಮುಖ ಒರೆಸುವಂತೆ ಪ್ಯಾನಲ್ ಒರೆಸುವರು. ನಡುವೆ ನಾಲ್ಕು ದಿನ ಮೋಡ ಕವಿದಾಗ ಅವರಿಗೆ ಊಟವೇ ಸೇರಲಿಲ್ಲ. ಹಾಲಿನವನು, ಪೇಪರಿನವನು ಎಲ್ಲರೂ ಸ್ಕೋರು ಕೇಳುವಂತೆ, "ಎಷ್ಟಕ್ಕೆ ಇಳೀತು ಮಾವ?" ಎನ್ನುವರು. ಪಕ್ಕದ ಮನೆಯಾಕೆ, ನೆರಳು ಬಿದ್ದೀತೆಂದು ಬಟ್ಟೆ ಒಣಗಿಸುವ ತಮ್ಮ ಹಗ್ಗವನ್ನೇ ಮಾಳಿಗೆಯ ಆಚೆ ಬದಿಗೆ ಕಟ್ಟಿಕೊಂಡರು.

ರೀಡಿಂಗ್ ದಿನ ಬೆಳಿಗ್ಗೆ ಎಂಟಕ್ಕೆ ಅಂಕಿ 4174. ಬಿಸಿಲು ಇನ್ನೂ ಎಳೆಯದು. ಆ ಹೊತ್ತಿಗೆ ಹೆಂಡತಿ ಇಸ್ತ್ರಿಪೆಟ್ಟಿಗೆ ಹಿಡಿದು ಬಂದರು. ಮಧ್ಯಾಹ್ನದೊಳಗೆ ನಲವತ್ತು ಅಂಗಿ ಸ್ಕೂಲಿಗೆ ಮುಟ್ಟಬೇಕು.

"ಇದನ್ನ ಹಾಕಿದ್ರೆ ತಟ್ಟೆ ಮುಂದಕ್ಕೆ ಓಡುತ್ತೆ ಕಣೇ."

"ಹಾಗಾದ್ರೆ ನಲವತ್ತು ಮಕ್ಕಳು ಸುಕ್ಕುಸುಕ್ಕಾಗಿ ಸ್ಕೂಲಿಗೆ ಹೋಗಬೇಕಾ?"

ಇಪ್ಪತ್ತು ದಿನದಲ್ಲಿ ಮೊದಲ ಸಲ ಮಾವನ ಮುಖ ಸಣ್ಣದಾಯಿತು. ಅದನ್ನು ನೋಡಿದ ಹೆಂಡತಿ ಇಸ್ತ್ರಿಪೆಟ್ಟಿಗೆ ಕೆಳಗಿಟ್ಟು, ಅಡುಗೆಮನೆಯಿಂದ ಚಪ್ಪಟೆ ತಳದ ಸ್ಟೀಲ್ ಪಾತ್ರೆ ತಂದು, ಬಚ್ಚಲಿನ ನಲ್ಲಿಯಿಂದ ಹಬೆಯಾಡುವ ನೀರು ತುಂಬಿದರು. ನಿನ್ನೆಯ ಬಿಸಿಲು ಟ್ಯಾಂಕಿನಲ್ಲಿ ಇನ್ನೂ ಆರಿರಲಿಲ್ಲ. ಅಂಗಿಗೆ ನೀರು ಚಿಮುಕಿಸಿ ಪಾತ್ರೆಯನ್ನು ಒತ್ತಿ ಎಳೆದರು. ಸುಕ್ಕು ಬಿಟ್ಟಿತು.

"ಬಚ್ಚಲು ಬಿಟ್ಟು ಬಂತು ನೋಡಿ, ನನ್ನ ಟ್ಯಾಂಕು" ಎಂದರು.

ಹತ್ತಕ್ಕೆ ರೀಡಿಂಗ್ ಹುಡುಗಿ ಬಂದಳು. ಮಾವನ ಕೈಕೆಳಗೇ ಕೆಲಸ ಕಲಿತವಳು. ಅಂಕಿ ಆಗ 4172; ಕೊನೆಯ 2 ನಿಧಾನಕ್ಕೆ ಒಂದರತ್ತ ಹೊರಳುತ್ತಿತ್ತು.

"ಬಿಸಿಲಲ್ಲಿ ಬಂದಿದ್ದೀಯ. ಒಂದು ಟೀ ಕುಡಿಯಮ್ಮ."

"ಸರ್, ರೀಡಿಂಗ್‌ಗೆ ಮುಂಚೆ ನೀರೂ ಕುಡೀಬಾರದು ಅಂತ ಹೇಳಿಕೊಟ್ಟಿದ್ದು ಯಾರು?"

ಮಾವನ ಕಿವಿ ಕೆಂಪಾಯಿತು. ತಲೆ ತಗ್ಗಿಸಿ ಪಕ್ಕಕ್ಕೆ ಸರಿದರು. ಅವಳು ಬಗ್ಗಿ ನೋಡಿ, "ಎರಡಕ್ಕೂ ಒಂದಕ್ಕೂ ಮಧ್ಯೆ ಇದೆ. 4171" ಎಂದಳು.

"ಇನ್ನೂ ಪೂರ್ತಿ ಇಳಿದಿಲ್ಲ ಕಣಮ್ಮ." ಹೇಳದೆ ಇರಲು ಅವರಿಂದ ಆಗಲಿಲ್ಲ.

"ಮಧ್ಯೆ ಇದ್ದರೆ ಚಿಕ್ಕದನ್ನೇ ಬರೀಬೇಕು. ಅದೂ ನೀವು ಹೇಳಿದ್ದೇ, ಸರ್."

ಅವಳು ಕೈಯಲ್ಲಿದ್ದ ಯಂತ್ರಕ್ಕೆ ಅಂಕಿ ಒತ್ತಿದಳು. ಯಂತ್ರ ಕೀರಲು ದನಿ ಹೊರಡಿಸಿತು. ಪರದೆಯ ಮೇಲೆ ಬಂತು: ತಪ್ಪು ರೀಡಿಂಗ್. ಮತ್ತೆ ನೋಡಿ.

"ನನ್ನ ಮನೇಲಿ ತಪ್ಪು ರೀಡಿಂಗಾ?" ಎಂದರು ಮಾವ.

ಅವಳು ಆಫೀಸಿಗೆ ಫೋನು ಮಾಡಿದಳು. ಅಲ್ಲಿ ಒಬ್ಬರು ಇನ್ನೊಬ್ಬರಿಗೆ ಕೊಟ್ಟರು, ಅವರು ಮತ್ತೊಬ್ಬರಿಗೆ. ಅರ್ಧ ಗಂಟೆಯಾಯಿತು. ಬೇಲಿಯಾಚೆ ಪಕ್ಕದ ಮನೆಯಾಕೆ, ಗೇಟಿನಲ್ಲಿ ಹಾಲಿನವನು.

"ಎಷ್ಟಿದೆ ಅಂದ್ರಿ?" ಎಂದಿತು ಫೋನು.

"4171... ಅಲ್ಲ ಸರ್, ಈಗ 4170."

"ಮೊದಲು ಸರಿಯಾಗಿ ನೋಡಮ್ಮ."

"ನೋಡ್ತಾ ಇದ್ದೀನಿ ಸರ್. ನೋಡಿದ ಹಾಗೆಲ್ಲ ಕಡಿಮೆಯಾಗ್ತಿದೆ."

ಅವಳು ಮತ್ತೆ ಒತ್ತಿದಳು. ತಪ್ಪು ರೀಡಿಂಗ್, ಎಂದಿತು ಯಂತ್ರ. ಹಾಲಿನವನು ಮೊದಲು ನಕ್ಕ, ಆಮೇಲೆ ಬೇಲಿಯಾಚೆಯವರು, ಆಮೇಲೆ ಅವಳೂ. ಮಾವ ಕಣ್ಣೊರೆಸಿಕೊಳ್ಳುತ್ತಾ ಗೋಡೆಗೆ ಒರಗಿದರು. ಕೊನೆಗೆ ಫೋನು ಸೋತು, "ಕಾಗದದ ಮೇಲೆ ಬರಕೊಂಡು ಬಾ" ಎಂದಿತು.

ಅವಳ ಬಳಿ ಪೆನ್ನಿರಲಿಲ್ಲ. ಮಾವನ ಜೇಬಿನಲ್ಲಿ ಇತ್ತು. ಎರಡು ವರ್ಷದಿಂದ ಸುಮ್ಮನೆ ಇತ್ತು. ಮಾವನೇ ಬರೆದರು: ಹಿಂದಿನ ರೀಡಿಂಗ್ 4172, ಈಗಿನದು 4170. ನಗುವಿಗೆ ಸೊನ್ನೆ ಸ್ವಲ್ಪ ಅಂಕುಡೊಂಕಾಯಿತು. ಕೆಳಗೆ ಅವಳು ಸಹಿ ಹಾಕಿದಳು.

"ಈಗ ಕುಡೀತೀನಿ ಸರ್, ಟೀ."

"ಬರೆದಾಯ್ತಲ್ಲ?" ಎಂದು ಒಳಗಿನಿಂದ ಹೆಂಡತಿ ಕೇಳಿದರು. ಉಳಿದದ್ದು ಹನ್ನೆರಡು ಅಂಗಿ. ಅವರು ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಹಾಕಿದರು. ಹೊರಗೆ ಎಲ್ಲರೂ ಲೋಟ ಹಿಡಿದು ಗಾಜಿನತ್ತ ಬಗ್ಗಿದರು. ತಟ್ಟೆ ನಿಧಾನವಾಯಿತು. ಇನ್ನೇನು ನಿಲ್ಲುತ್ತದೆ ಅನ್ನಿಸಿತು. ಆದರೆ ಅದು ಹನ್ನೊಂದರ ಬಿಸಿಲು. ಕೆಂಪು ಗೆರೆ ಆರಾಮವಾಗಿ, ಹಿಂದಕ್ಕೇ ಹೋಯಿತು.