ಮಾವನವರ ಐವತ್ತು ಪರ್ಸೆಂಟ್

ಕಣ್ಣಿಗೆ ಪಟ್ಟಿ ಕಟ್ಟಿದರೆ ಕಿವಿ ಮುಚ್ಚಿಕೊಳ್ಳುವುದಿಲ್ಲ. ಇಷ್ಟು ಸಣ್ಣ ಸಂಗತಿ ನನಗೆ ಮೊನ್ನೆ ಹೊಳೆಯಲಿಲ್ಲ.

ನಮ್ಮ ಮಾವನವರಿಗೆ ತಿಪಟೂರಿನಲ್ಲಿ ಕಣ್ಣಿನ ಪೊರೆಯ ಆಪರೇಷನ್ ಆಯಿತು. ನಲವತ್ತು ದಿನ ಬಗ್ಗಬಾರದು, ತಲೆಗೆ ನೀರು ಹಾಕಬಾರದು, ಮುಖ್ಯವಾಗಿ ಹೊಗೆ ತಾಗಬಾರದು ಎಂದರು ಡಾಕ್ಟರು. ತುರುವೇಕೆರೆ ಕಡೆಯ ಅವರ ಮನೆಯಲ್ಲಿ ತೆಂಗಿನ ಮಟ್ಟೆ ಉರಿಸುವ ಒಲೆ. ಆ ಹೊಗೆ ಅಟ್ಟದ ಮೇಲಿನ ಕೊಬ್ಬರಿಗೆ ಒಳ್ಳೆಯದು, ಕಣ್ಣಿಗಲ್ಲ. ತಿಪಟೂರಿನ ನಮ್ಮ ಮನೆಯಲ್ಲಿ ಈಚೆಗೆ ಗ್ಯಾಸ್ ಬಂದಿದೆ. "ನಮ್ಮಲ್ಲೇ ಇರಲಿ" ಎಂದವನು ನಾನೇ. (ದಯವಿಟ್ಟು ಇದನ್ನು ನೆನಪಿಟ್ಟುಕೊಳ್ಳಿ. ನನ್ನ ಪರವಾಗಿ ಹೇಳಲು ಇರುವುದು ಇದೊಂದೇ.)

ಹೊಸ ಕ್ಯಾಲ್ಕುಲೇಟರ್ ಕೊಂಡಿದ್ದೆ. ಕೊಂಡ ಮೇಲೆ ಬೆರಳು ಸುಮ್ಮನಿರುತ್ತದೆಯೇ? ಹತ್ತನೆಯ ದಿನ ಬೆಳಗ್ಗೆ ಕಾಫಿ ಕೊಡುತ್ತಾ, "ಮಾವ, ಇಪ್ಪತ್ತೈದು ಪರ್ಸೆಂಟ್ ಮುಗೀತು" ಎಂದೆ.

"ಹಂಗಂದ್ರೇನು ಅಳಿಯಂದ್ರೇ?"

ಕಳೆದ ದಿನಗಳನ್ನು ಒಟ್ಟು ದಿನಗಳಿಂದ ಭಾಗಿಸಿ ನೂರರಿಂದ ಗುಣಿಸುವುದು ಎಂದು ವಿವರಿಸಿದೆ. ಜೊತೆಗೆ ಕೊಬ್ಬರಿಯ ಉದಾಹರಣೆ ಬೇರೆ. ಅಟ್ಟಕ್ಕೆ ಹಾಕಿದ ಕಾಯಿ ಕೊಬ್ಬರಿಯಾಗಲು ಹನ್ನೆರಡು ತಿಂಗಳು. ಮೂರು ತಿಂಗಳಾದರೆ ಇಪ್ಪತ್ತೈದು ಪರ್ಸೆಂಟ್.

"ಮೂರು ತಿಂಗ್ಳಿಗೆ ಒಡೆದ್ರೆ ಒಳಗೆ ನೀರೇ ಇರ್ತದೆ ಕಣ್ರೀ" ಎಂದು ನಕ್ಕರು. ನಾನೂ ನಕ್ಕೆ.

ಆಮೇಲೆ ದಿನಾ ಬೆಳಗ್ಗೆ ಇದೇ ಲೆಕ್ಕ. ಅವರಿಗೆ ಧೈರ್ಯ ತುಂಬುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಶುದ್ಧ ಸುಳ್ಳು. ನನ್ನ ಈಸಿಚೇರು ಅವರ ಪಾಲಾಗಿತ್ತು. ಅವರು ಮಲಗುವ ಹೊತ್ತಿಗೇ ರೇಡಿಯೋದಲ್ಲಿ ವಾರ್ತೆ. ಒಂದು ಸಿಗರೇಟಿಗೆ ಬೀದಿಯ ಕೊನೆಯವರೆಗೆ ನಡೆಯಬೇಕಿತ್ತು. ದಿನ ಎಣಿಸುತ್ತಿದ್ದವನು ನಾನು.

ಇಪ್ಪತ್ತನೆಯ ದಿನ ಸಂಜೆ ಗೆಳೆಯನೊಬ್ಬ ಬಂದ. ಜಗಲಿಯಲ್ಲಿ ಕೂತವನು, "ನಿಮ್ಮ ಮಾವ ಇನ್ನೂ ಎಷ್ಟು ದಿನ ಇರ್ತಾರಯ್ಯ?" ಎಂದು ಕೇಳಿದ.

"ಫಿಫ್ಟಿ ಪರ್ಸೆಂಟ್ ಕಳೀತು ಕಣಯ್ಯ. ಇನ್ನರ್ಧ ಹೆಂಗೋ ತಡ್ಕಂಡ್ರೆ ಆಯ್ತು" ಎಂದೆ. ಕಿಟಕಿಯ ಒಳಗಡೆಯೇ ಮಾವನವರ ಮಂಚ.

ಮಾರನೆಯ ಬೆಳಗ್ಗೆ ಅವರು ಚೀಲ ಹಿಡಿದು ನಿಂತಿದ್ದರು. "ಅರ್ಧ ಇಲ್ಲಿ ಆಯ್ತಲ್ಲ ಅಳಿಯಂದ್ರೇ, ಮಿಕ್ಕಿದ್ದು ಊರಲ್ಲೇ ಮುಗಿಸ್ಕತೀನಿ ಬುಡಿ." ಮಾತಿನಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಸಲೀಸಾಗುತ್ತಿತ್ತು. ಬೇಡಿಕೊಂಡೆ, ನಿಲ್ಲಲಿಲ್ಲ. ಹೆಂಡತಿ ನನ್ನ ಮುಖವನ್ನೂ ನೋಡದೆ ಅವರ ಜೊತೆ ಬಸ್ಸು ಹತ್ತಿದಳು.

ಭಾನುವಾರ ಊರಿಗೆ ಹೋದೆ. ಹೊಗೆಗೆ ಹೆದರಿ ಮಾವನವರು ದನದ ಕೊಟ್ಟಿಗೆಯ ಪಕ್ಕದಲ್ಲಿ ಮಂಚ ಹಾಕಿಸಿಕೊಂಡಿದ್ದರು. ಆದರೂ ಹೊಗೆ ಬಿಡುತ್ತದೆಯೇ? ಪಟ್ಟಿ ಸರಿಸಿ ನೀರು ಒರೆಸಿಕೊಳ್ಳುತ್ತಿದ್ದರು. ಕಣ್ಣು ಕೆಂಪಾಗಿತ್ತು. ನನ್ನ ದನಿ ಕೇಳಿ, "ಬನ್ನಿ ಅಳಿಯಂದ್ರೇ, ಬಂದೋರು ನಾಕು ದಿನ ಇದ್ದು ಹೋಗ್ರೀ" ಎಂದರು.

ಮದುವೆಯಾದ ವರ್ಷ ದೀಪಾವಳಿಗೆಂದು ಆ ಮನೆಗೆ ಹೋದವನು ತಿಂಗಳಾದರೂ ಮೇಲೆದ್ದಿರಲಿಲ್ಲ. ಯಾವಾಗ ಹೊರಡುತ್ತೀರಿ ಎಂದು ಯಾರೂ ಕೇಳಿರಲಿಲ್ಲ. ಈಗ ಅದೇ ಮನೆಯಲ್ಲಿ ಊಟಕ್ಕೆ ಕೂತಾಗ ಅದೆಲ್ಲ ನೆನಪಾಯಿತು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

"ತಪ್ಪಾಯ್ತು ಮಾವ, ವಾಪಸ್ ಬನ್ನಿ" ಎಂದೆ. ಅವರು ಕೇಳಿಸದವರಂತೆ, ನನಗೆ ಇನ್ನಷ್ಟು ಮಜ್ಜಿಗೆ ಹಾಕಲು ಮಗಳಿಗೆ ಹೇಳಿದರು.

ಊಟ ಮುಗಿಸಿ ಎದ್ದೆ. ಹೆಂಡತಿ ಚೊಂಬಿನಿಂದ ನನ್ನ ಕೈಗೆ ನೀರು ಹಾಕುತ್ತಾ ಮೆಲ್ಲಗೆ ಕೇಳಿದಳು:

"ಬರೋ ತಿಂಗಳು ನಿಮ್ಮಮ್ಮ ಬರ್ತಾರಲ್ಲ, ಒಟ್ಟು ಎಷ್ಟು ದಿನ ಅಂತ ಇಟ್ಕಳಾಣ?"