ಹಸಿರು ಬಳಿದ ಕಿಟಕಿ

ಬಾಲ್ಟಿಮೋರಿನ ಆ ಡಬ್ಬಿ ಕಾರ್ಖಾನೆ ಮುಚ್ಚಿದ ದಿನ ವೆಲ್ಮಾ ಅದರ ಗೇಟಿನತ್ತ ಉಗುಳಿ ಬಂದಿದ್ದಳು. ತಗಡಿನ ಡಬ್ಬಿಗೆ ಮುಚ್ಚಳ ಒತ್ತುವ ಯಂತ್ರದ ಮುಂದೆ ಹತ್ತೊಂಬತ್ತು ವರ್ಷ ನಿಂತು ಅವಳು ಗಳಿಸಿದ್ದು ಮಗಳ ಓದು, ಅದರ ಸದ್ದಿಗೆ ಕಳೆದುಕೊಂಡದ್ದು ಎಡಗಿವಿ. ಮತ್ತೆಂದೂ ಅಲ್ಲಿಗೆ ಕಾಲಿಡುವುದಿಲ್ಲ ಎಂದವಳು ಮೂವತ್ತು ವರ್ಷ ಮಾತು ಉಳಿಸಿಕೊಂಡಿದ್ದಳು. ಚರ್ಚಿಗೆ ಹೋಗುವಾಗಲೂ ಆ ಬೀದಿ ತಪ್ಪಿಸಿ ಸುತ್ತು ಹಾಕುವಷ್ಟು ಹಟ.

ಈಗ ಆ ಕಟ್ಟಡವನ್ನೇ ಮನೆಗಳಾಗಿ ಮಾಡಿದ್ದರು. ಶಾಲೆಯಲ್ಲಿ ಪಾಠ ಹೇಳುವವರಿಗೆ ಬಾಡಿಗೆ ಕಡಿಮೆ; ಪಾಠದ ಹಾಳೆಗಳನ್ನು ಜೆರಾಕ್ಸ್ ಮಾಡಿಕೊಳ್ಳಲು ಕೆಳಗಡೆ ಎಲ್ಲರಿಗೂ ಸೇರಿ ಒಂದು ಕೋಣೆ ಬೇರೆ. ನಾಲ್ಕನೇ ತರಗತಿಯ ಟೀಚರಾದ ಮಗಳು ರೋಂಡಾಗೆ ಮೂರನೇ ಮಹಡಿಯಲ್ಲಿ ಮನೆ ಸಿಕ್ಕಿತ್ತು. ಅದು ಬಿಟ್ಟರೆ ಬೇರೆ ಗತಿಯೂ ಇರಲಿಲ್ಲ. ರೋಂಡಾ ಹುಟ್ಟಿದಾಗಿನಿಂದ ಇದ್ದ ಬಾಡಿಗೆ ಮನೆಯನ್ನು ಮಾಲೀಕ ಮಾರಿಬಿಟ್ಟಿದ್ದ. ಊರಾಚೆ ಹೋದರೆ ಇಷ್ಟು ವರ್ಷದ ಶಾಲೆಯನ್ನೇ ಬಿಡಬೇಕು. ಶುಕ್ರವಾರದೊಳಗೆ ಹೂಂ ಅನ್ನದಿದ್ದರೆ ಮನೆ ಇನ್ನೊಬ್ಬರ ಪಾಲಾಗುತ್ತಿತ್ತು.

“ಬಾಡಿಗೆ ಕೊಟ್ಟು ಜೈಲಿಗೆ ಹೋಗೋರು ಯಾರಾದ್ರೂ ಇದಾರೇನೆ? ನೀನು ಹೋಗು. ನಾನು ಚರ್ಚಿನ ಬೆಂಚಲ್ಲಿ ಬಿದ್ಕೋತೀನಿ,” ಅಂದಳು ವೆಲ್ಮಾ.

“ಸರಿ, ಪಾದ್ರಿಗೆ ನಿನ್ನ ಗೊರಕೆ ವಿಷಯ ಮೊದ್ಲೇ ಹೇಳಿಡ್ತೀನಿ. ನಿನ್ನ ಬಿಟ್ಟು ನಾನೆಲ್ಲಿಗಮ್ಮ ಹೋಗ್ಲಿ? ಒಂದ್ಸಲ ನೋಡು, ಆಮೇಲೆ ಬೇಡ ಅನ್ನು.”

ಬೇಡ ಅನ್ನಲೆಂದೇ ವೆಲ್ಮಾ ಗುರುವಾರ ಹೊರಟಳು. ಮೆಟ್ಟಿಲಿಗೆ ಮೂಗು ಮುರಿದಳು. ಒಲೆ ನೋಡಿ, “ಏಡಿ ಬೇಯಿಸೋ ಪಾತ್ರೆ ಇದರ ಮೇಲೆ ಕೂರಲ್ಲ,” ಅಂದಳು. ಕಿಟಕಿ ಪಕ್ಕದ ಕಬ್ಬಿಣದ ಕಂಬ ಕಂಡಾಗ ಹತ್ತಿರ ಹೋಗಿ ಅದರ ಮೇಲೆ ಕೈಯಿಟ್ಟಳು. ಅವಳ ಯಂತ್ರ ಇದ್ದದ್ದು ಅಲ್ಲೇ.

ಆಗ ಗಾಜಿಗೆಲ್ಲ ದಪ್ಪಗೆ ಹಸಿರು ಬಣ್ಣ ಬಳಿದಿದ್ದರು. ಕಣ್ಣು ಹೊರಗೆ ಹೋದರೆ ಕೈ ಯಂತ್ರದೊಳಗೆ ಹೋಗುತ್ತದೆ ಎನ್ನುತ್ತಿದ್ದ ಮೇಸ್ತ್ರಿ. ಕಿಟಕಿ ಯಾವ ಬೀದಿಗೆ ತೆರೆಯುತ್ತದೆಂದು ಕೂಡ ಅವಳಿಗೆ ಗೊತ್ತಿರಲಿಲ್ಲ. ಮೂರು ಗಂಟೆಗೆ ಶಾಲೆ ಬಿಟ್ಟರೆ ಏಳು ವರ್ಷದ ರೋಂಡಾ ಕೊರಳಲ್ಲಿ ಬೀಗದ ಕೈ ನೇತುಹಾಕಿಕೊಂಡು ಒಬ್ಬಳೇ ಮನೆಗೆ ಬರಬೇಕಿತ್ತು. ಮಗು ತಲುಪಿತೋ ಇಲ್ಲವೋ ತಿಳಿಯದೆ, ಕೆಲಸ ಬಿಡುವವರೆಗೆ ವೆಲ್ಮಾ ಜೀವ ಕೈಯಲ್ಲಿ ಹಿಡಿದು ಮುಚ್ಚಳ ಒತ್ತುತ್ತಿದ್ದಳು. ದಿನಾ ಇದೇ ಪಾಡು.

ಈಗ ಗಾಜು ತಿಳಿಯಾಗಿತ್ತು. ವೆಲ್ಮಾ ಹಣೆ ಹಚ್ಚಿ ನೋಡಿದಳು. ಕೆಳಗೆ ಕಟ್ಟಡದ ಹಿಂದಿನ ಓಣಿ, ಅದರ ತುದಿಯಲ್ಲಿ ಅವಳೇ ಶನಿವಾರ ಶನಿವಾರ ಉಜ್ಜಿ ತೊಳೆಯುವ ಬಿಳಿ ಕಲ್ಲಿನ ಮೆಟ್ಟಿಲು, ಅದರ ಮೇಲೆ ಅವರದೇ ಬಾಗಿಲು.

“ಅದು ನಮ್ಮನೆ ಅಲ್ವೇನೆ?”

“ಹೂಂ ಅಮ್ಮ.”

“ಇಲ್ಲಿಂದ ಕಾಣ್ತಿತ್ತಾ?” ಅವಳ ದನಿ ಏರಿತು. “ಅಯ್ಯೋ ಹಾಳಾದೋರಾ! ಉಗುರಲ್ಲಿ ಒಂದು ಚೂರು ಬಣ್ಣ ಕೆರೆದಿದ್ರೆ ಸಾಕಿತ್ತಲ್ಲೇ!”

ಅತ್ತಳು, ಬೈದಳು. ಎಂದೋ ಮಣ್ಣಾದ ಮೇಸ್ತ್ರಿಯನ್ನೂ ಬಿಡಲಿಲ್ಲ. ರೋಂಡಾ ಅಮ್ಮನ ಬಲಗಿವಿಯ ಕಡೆ ಬಂದು ನಿಂತಳು.

ಕೊನೆಗೆ ವೆಲ್ಮಾ ಮೂಗೊರೆಸಿಕೊಂಡಳು. “ಈ ಕಿಟಕಿಗೆ ಪರದೆ ಗಿರದೆ ಹಾಕೋ ಹಾಗಿಲ್ಲ. ಈಗ್ಲೇ ಹೇಳಿದೀನಿ.”

ಅವರು ಅಲ್ಲಿಗೆ ಬಂದು ಎರಡು ವರ್ಷವಾಯಿತು. ಮೂರು ಗಂಟೆಯಾದರೆ ವೆಲ್ಮಾ ಕಿಟಕಿಯ ಬಳಿಗೆ ಕುರ್ಚಿ ಎಳೆದುಕೊಳ್ಳುತ್ತಾಳೆ. ಐವತ್ತರ ಹೊಸ್ತಿಲಲ್ಲಿರುವ ಮಗಳು ಶಾಲೆ ಬಿಟ್ಟು ಬೀದಿ ತಿರುಗುವಾಗ ಮೇಲೆ ನೋಡಿ ಕೈ ಬೀಸಲೇಬೇಕು. ಮರೆತಳೋ, ರಾತ್ರಿ ಊಟದ ಜೊತೆ ಬೈಗುಳ ತಪ್ಪಿದ್ದಲ್ಲ.