ಬಲಕ್ಕೆ ಬಂದ ಸೆರಗು

ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಕಾಶಪ್ಪನ ಕೈಗಂಟಿಗೆ ಹೆಸರಿತ್ತು. ಅವನು ಹಗ್ಗ ಬಿಗಿದ ಲಾರಿ ಘಾಟಿನಲ್ಲಿ ಎಷ್ಟು ಕುಲುಕಿದರೂ ಈರುಳ್ಳಿ ಚೀಲ ಜಾರುತ್ತಿರಲಿಲ್ಲ. ಆದರೆ ಅದೇ ಕೈಗೆ ಸೀರೆ ಉಡಿಸಲೂ ಬರುತ್ತದೆಂದು ಯಾರ್ಡಿನ ಒಬ್ಬ ಹಮಾಲನಿಗೂ ಗೊತ್ತಿರಲಿಲ್ಲ. ಗೊತ್ತಾಗಿದ್ದರೆ ಅವನ ಕಥೆ ಮುಗಿಯಿತೆಂದೇ ಲೆಕ್ಕ. ಹಮಾಲರ ಬಾಯಿ ಅಂಥದ್ದು.

ಕಲಿಸಿದವಳು ಹೆಂಡತಿ ಹುಲಿಗೆವ್ವ. ಲಕ್ವಾ ಹೊಡೆದು ಅವಳ ಬಲಗೈ ಸ್ವಾಧೀನ ತಪ್ಪಿದಾಗ ಓಣಿಯ ಹೆಂಗಸರೆಲ್ಲ ಇನ್ನು ಗೌನು ಹಾಕಿಕೊಂಡಿರು ಎಂದು ಬುದ್ಧಿ ಹೇಳಿದರು. ಅವಳು ಕೇಳಬೇಕಲ್ಲ! ಸುರಪುರದ ಕಡೆಯ ಹೆಣ್ಣು, ಹಠಕ್ಕೆ ಬಿದ್ದರೆ ದೇವರೂ ಸುಮ್ಮನಾಗಬೇಕು. ಕೆಲವು ದಿನ ಪಕ್ಕದ ಮನೆಯ ಪಾರವ್ವ ಬಂದು ಸೀರೆ ಉಡಿಸಿದಳು. ಆಕೆಗೂ ಬೆಳಿಗ್ಗೆಯೇ ಗಾರೆ ಕೆಲಸ ಹತ್ತಿದ ಮೇಲೆ ಉಳಿದವನು ಗಂಡ ಒಬ್ಬನೇ.

ಮೊದಲ ದಿನ ಕಾಶಪ್ಪ ತನಗೆ ಬರುವ ಕೆಲಸವನ್ನೇ ಮಾಡಿದ. ಸುತ್ತಿ, ಎಳೆದು, ಬಿಗಿದ.

"ನಾ ಉಳ್ಳಾಗಡ್ಡಿ ಚೀಲ ಅಲ್ರಿ," ಎಂದಳು ಹುಲಿಗೆವ್ವ. "ಉಸುರು ಬಿಡಾಕ ಜಾಗಾ ಬಿಡ್ರಿ. ನಿರಿಗಿ ಮುಟಗ್ಯಾಗ ಹಿಡೀಬ್ಯಾಡ್ರಿ, ಬೆರಳಾಗ ಹಿಡೀರಿ."

ಎದುರಿಗೆ ನಿಂತು ಉಡಿಸುತ್ತಿದ್ದವನು ತನ್ನ ಬಲವೇ ಅವಳ ಬಲ ಎಂದುಕೊಂಡು ಸುತ್ತಿದ್ದ. ಕೊನೆಗೆ ನೋಡಿದರೆ ಎಡ ಹೆಗಲಿಗೆ ಬರಬೇಕಾದ ಸೆರಗು ಬಲ ಹೆಗಲಿಗೆ ಬಂದಿತ್ತು. ನಾಚಿ ಬಿಚ್ಚಲು ಹೋದ. ಅವಳು ಬಿಡಲಿಲ್ಲ. "ಇರಲಿ ಬಿಡ್ರಿ. ಈ ಸತ್ತ ಕೈ ಮುಚ್ಚತದ."

ಆಮೇಲೆ ದಿನವೂ ಹಾಗೆಯೇ. ಒಲೆಯ ಮೇಲೆ ಚಹಾ ಕುದಿಯುತ್ತಿತ್ತು, ಇವನು ಮಂಡಿಯೂರಿ ನಿರಿಗೆಯ ಅಂಚು ಸರಿ ಮಾಡುತ್ತಿದ್ದ, ಅವಳು ಮೇಲಿನಿಂದ ತಪ್ಪು ಹುಡುಕುತ್ತಿದ್ದಳು. ಮದುವೆಯಾಗಿ ಅಷ್ಟು ವರ್ಷ ಕಳೆದಿದ್ದರೂ ಅವರಿಬ್ಬರೂ ಎದುರುಬದುರು ನಿಂತು ಅಷ್ಟು ಮಾತಾಡಿದ್ದೇ ಇಲ್ಲ. ಕಾಶಪ್ಪನನ್ನು ಕೇಳಿದರೆ, ತನ್ನ ಸಂಸಾರದ ಸುಖವೆಲ್ಲ ಆ ಬೆಳಗುಗಳಲ್ಲೇ ಇತ್ತು ಎಂದಾನು. ಆದರೆ ಗಂಡನನ್ನು ಯಾರೂ ಆಡಿಕೊಳ್ಳಬಾರದೆಂದು ಹುಲಿಗೆವ್ವ ಎಲ್ಲರಿಗೂ ಪಾರವ್ವನ ಹೆಸರನ್ನೇ ಹೇಳುತ್ತಿದ್ದಳು. ಬೆಳಗಾಗುತ್ತಲೇ ಕಂಪನಿಯ ಬಸ್ಸು ಹತ್ತುತ್ತಿದ್ದ ಮಗಳು ಶಿವಾನಿ ಕೂಡ ಅದನ್ನೇ ನಂಬಿದ್ದಳು.

ಕಣ್ಣು ಮುಚ್ಚುವ ಮುಂಚೆ ಹುಲಿಗೆವ್ವ ಒಂದೇ ಒಂದು ಮಾತು ತೆಗೆದುಕೊಂಡಳು. "ನನ್ನ ಮದವಿ ಇಳಕಲ್ ಸೀರಿ ಅದ ಅಲ್ಲ, ಶಿವಾನಿ ಅದರ ಸೆರಗಿನ್ಯಾಗ ಉಡಿ ತುಂಬಿಸ್ಕೋಬೇಕು. ಅಷ್ಟು ನೋಡ್ಕೋರಿ."

ಈ ಸಲ ಶ್ರಾವಣದಲ್ಲಿ ಆ ದಿನ ಬಂತು. ಕಾತ್ರಜದ ಗುಡಿಯಲ್ಲಿ ಶಿವಾನಿಯ ನಿಶ್ಚಯ. ವರ ದತ್ತು, ಅವನ ತಾಯಿ ಶಿವಕಾಂತಾ. ಶಿವಾನಿ ತಾಯಿಯ ಸೀರೆಯನ್ನೇ ಉಟ್ಟಿದ್ದಳು, ಆದರೆ ಬ್ಯೂಟಿ ಪಾರ್ಲರಿನ ಹುಡುಗಿಯ ಕೈಯಿಂದ. ಆ ಹುಡುಗಿ ಸೆರಗನ್ನು ಗೇಣಗಲ ಮಡಿಚಿ, ಹೆಗಲಿಗೆ ಪಿನ್ನು, ಸೊಂಟಕ್ಕೆ ಪಿನ್ನು, ನಡುವೆಯೂ ಪಿನ್ನು ಚುಚ್ಚಿಟ್ಟಿದ್ದಳು. ಫೋಟೋಕ್ಕೆ ಚೆಂದ, ಬೇರೆ ಯಾತಕ್ಕೂ ಬಾರದು.

ಶಿವಕಾಂತಾ ಅಕ್ಕಿ, ಕೊಬ್ಬರಿ, ಉತ್ತತ್ತಿ, ಕುಬಸದ ಖಣ ಇಟ್ಟ ಮೊರ ಹಿಡಿದು ನಿಂತಳು. "ಸೆರಗು ಒಡ್ಡು ತಂಗಿ."

ಸೆರಗು ಬಿಚ್ಚಲೊಲ್ಲದು. ಇನ್ನೊಂಚೂರು ಎಳೆದರೆ ಹಳೆಯ ರೇಷ್ಮೆ ಚರ್ ಎನ್ನುವಂತಿತ್ತು. "ತಾಟಿನ್ಯಾಗ ಕೊಟ್ಟುಬಿಡ್ರಿ, ಈಗೆಲ್ಲಾ ನಡೀತದ," ಎಂದಿತು ಹಿಂದಿನಿಂದ ಯಾರದೋ ದನಿ. ಕಾಶಪ್ಪ ಒಂದು ಹೆಜ್ಜೆ ಮುಂದೆ ಬಂದ. ಹೆಂಡತಿಗೆ ಕೊಟ್ಟಿದ್ದ ಮಾತು ತಾಟಿಗೆ ಹೋಗುವುದೇ?

ಶಿವಕಾಂತಾ ಒಳ್ಳೆಯವಳು. "ಒಳಗ ಹೋಗಿ ಸರಿ ಮಾಡ್ಕೊಂಡು ಬಾ, ಕಾಯ್ತೀವಿ," ಎಂದಳು. ಉಡಿ ತುಂಬುವ ತನಕ ಬೀಗರ ಕಡೆಯವರು ಹೆಣ್ಣಿಗೆ ಸೀರೆ ಉಡಿಸುವಂತಿಲ್ಲ. ಅದು ತವರಿನವರ ಕೆಲಸ. ತವರಿನವಳೆಂದರೆ ಕಾಶಪ್ಪನ ತಂಗಿ ಒಬ್ಬಳೇ. ಅವಳ ಬಸ್ಸು ಇನ್ನೂ ಸ್ವಾರಗೇಟ ನಿಲ್ದಾಣ ಮುಟ್ಟಿರಲಿಲ್ಲ.

ಕೋಣೆಯೊಳಗೆ ಶಿವಾನಿ ಪಿನ್ನು ತೆಗೆದದ್ದೇ ತಡ, ಸೀರೆಯೆಲ್ಲ ಸಡಿಲಾಗಿ ಕಾಲಿಗೆ ಬಂತು. ತಾನಾಗಿ ಉಡಲು ಬಾರದವಳು ಅದನ್ನೇ ಮೈಗೆ ಸುತ್ತಿಕೊಂಡು ಬಾಗಿಲ ಸಂದಿಯಿಂದ ಕೇಳಿದಳು, "ಅತ್ತಿ ಬಂದ್ಲೇನಪ್ಪಾ?"

"ಇಲ್ಲವ್ವಾ." ಕಾಶಪ್ಪ ಬಾಗಿಲ ಹತ್ತಿರ ಸರಿದ. "ನಾ ಬರ್ಲೇನು?"

ಒಳಗೆ ಹೋದವನು ಸೀರೆಯ ದಡಿಯಿಂದ ಕಣ್ಣೆತ್ತಲಿಲ್ಲ. ಎದುರಿಗೆ ನಿಂತ, ಸುತ್ತಿದ, ನಿರಿಗೆಯನ್ನು ಬೆರಳಲ್ಲಿ ಹಿಡಿದ. "ಉಸುರು ಬಿಡವ್ವಾ, ಬಿಗಿ ಆಗ್ತದ." ಅಳಬಾರದೆಂದು ತುಟಿ ಕಚ್ಚಿದ್ದ ಮಗಳು ಬಿಟ್ಟ ಕಣ್ಣು ಬಿಟ್ಟಂತೆ ಆ ಒರಟು ಕೈಗಳನ್ನೇ ನೋಡುತ್ತಿದ್ದಳು. ಸೆರಗು ಬಂದು ಅವಳ ಬಲ ಹೆಗಲ ಮೇಲೆ ಬಿತ್ತು.

"ಅಪ್ಪಾ," ಎಂದಳು ಮೆಲ್ಲಗೆ. "ಅವ್ವಗ ಪಾರವ್ವ ಉಡಸ್ತಿದ್ದಿಲ್ಲೇನು?"

"ಪಾರವ್ವಗ ಎಲ್ಲಿ ಪುರಸೊತ್ತಿತ್ತವ್ವಾ." ಆಗಲೇ ಅವನಿಗೆ ತಾನು ಮಾಡಿದ್ದು ಹೊಳೆಯಿತು. "ಅಯ್ಯ, ಉಲ್ಟಾ ಆತು! ಬಿಚ್ಚು, ಬಿಚ್ಚು. ನನಗ ಹಿಂಗ ಒಂದ ರೂಢಿ."

"ಬ್ಯಾಡ," ಎಂದು ಶಿವಾನಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

ಹೊರಗೆ ಬಂದಾಗ ಹೆಂಗಸರಲ್ಲಿ ಗುಜುಗುಜು ಎದ್ದಿತು. "ಸೆರಗು ಬಲಕ್ಕ ಬಂದದಲ್ಲ! ಯಾರು ಉಡಿಸ್ಯಾರ ಇಕಿಗಿ?" ಗಂಡಸರ ಸಾಲಿನಲ್ಲಿ ಯಾರ್ಡಿನ ಅವ್ವಣ್ಣ ಕುಳಿತಿದ್ದ. ಅವನಂಥ ಬಾಯಿಬಡುಕ ಇನ್ನೊಬ್ಬನಿಲ್ಲ. ಕಾಶಪ್ಪ ಕಂಬದ ಮರೆಗೆ ಸರಿದ.

ಶಿವಾನಿ ಸೆರಗನ್ನು ಅಗಲವಾಗಿ ಒಡ್ಡಿ, ಎಲ್ಲರಿಗೂ ಕೇಳುವಂತೆ ಹೇಳಿದಳು. "ನಮ್ಮಪ್ಪ ಉಡಿಸ್ಯಾನ್ರಿ. ನಮ್ಮವ್ವಗೂ ಇವನೇ ಉಡಸ್ತಿದ್ದ."

ಅವ್ವಣ್ಣ ಬಾಯಿ ತೆರೆದವನು ಹಾಗೆಯೇ ಮುಚ್ಚಿ, ತಲೆಯ ಮೇಲಿನ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ಶಿವಕಾಂತಾ ಮೊರ ಬಾಗಿಸಿದಳು. ಕಂಬದ ಮರೆಯಲ್ಲಿ ಕಾಶಪ್ಪ ಮಗುವಿನ ಹಾಗೆ ಅಳುತ್ತಿದ್ದ. ಸೆರಗಿನಿಂದ ಒಂದು ಅಕ್ಕಿಕಾಳೂ ಜಾರಲಿಲ್ಲ.